ಸೈನಿಕನ ಸಮತೋಲ

ವಾಚಕರು ಈ ಲೇಖನವನ್ನು ಒಂದು ಕ್ಷಣ ಬದಿಗಿಟ್ಟು, ಗೋಡೆಯ ಪಕ್ಕದಲ್ಲಿ ಒಂಟಿಕಾಲಿನ ಮೇಲೆ ನಿಂತು ನೋಡಲಿ. ಕಣ್ಣು ತೆರೆದಿರುವಾಗ ಇದು ಸುಲಭವೇ. ಕಣ್ಣು ಮುಚ್ಚಿದೊಡನೆ ದೇಹವು ಓಲಾಡತೊಡಗುತ್ತದೆ. ಕಾಲಿನ ಬಲವೇನೂ ಕುಂದಲಿಲ್ಲ. ಆದರೂ ನಿಲುವು ಕೆಟ್ಟಿತು. ಆದುದರಿಂದ ಬಲ ಬೇರೆ, ಸಮತೋಲ ಬೇರೆ ಎಂದು ನಾವು ತಿಳಿಯಬೇಕು.

ಸೈನ್ಯಕ್ಕೆ ಈ ಭೇದವು ಬಹು ಮುಖ್ಯವಾದುದು. ಅಮೆರಿಕದ ಭೂಸೇನೆಯು 1980ರಿಂದ ಸುಮಾರು ನಾಲ್ಕು ದಶಕಗಳ ಕಾಲ ತನ್ನ ಸೈನಿಕರ ದೇಹದಾರ್ಢ್ಯವನ್ನು ಮೂರು ಪರೀಕ್ಷೆಗಳಿಂದ ಅಳೆಯಿತು. ಕೈಯೂರಿ ದೇಹವನ್ನೆತ್ತುವುದು, ಮಲಗಿದಲ್ಲಿಂದ ಎದ್ದು ಕೂರುವುದು, ಎರಡು ಮೈಲಿ ಓಡುವುದು—ಇವೇ ಆ ಮೂರು. ಎಣಿಕೆಯೂ ಗಡಿಯಾರವೂ 'ಎಷ್ಟು' ಎಂಬುದನ್ನು ಹೇಳುತ್ತವೆ. 'ಹೇಗೆ' ಎಂಬುದನ್ನು ಹೇಳಲಾರವು. ಆದರೆ ಎಷ್ಟೋ ತರುಣರು ಮೊಣಕಾಲು, ಪಾದದ ಕೀಲುಗಳ ಪೆಟ್ಟಿನಿಂದ ರಣರಂಗವನ್ನು ಕಾಣುವ ಮೊದಲೇ, ತರಬೇತಿಯಲ್ಲಿಯೇ ಹಿಂದುಳಿಯುತ್ತಾರೆ.

ಇಲ್ಲಿ ಭೌತಶಾಸ್ತ್ರದ ನಿಯಮವು ಸರಳವಾದುದು. ನಿಂತ ದೇಹದ ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಆಧಾರದೊಳಗೆ ಬೀಳುವವರೆಗೆ ದೇಹವು ಉರುಳದು. ಒಂಟಿಕಾಲಿನಲ್ಲಿ ನಿಂತವನಿಗೆ ಆಧಾರವು ಒಂದು ಅಂಗಾಲಿನಷ್ಟೇ. ಬೆನ್ನಿಗೆ ಹೊರೆಯನ್ನು ಬಿಗಿದಾಗ ಕೇಂದ್ರವು ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಸೈನಿಕನು ಮುಂದಕ್ಕೆ ಬಾಗಿ ಅದನ್ನು ಪಾದಗಳ ಮೇಲಕ್ಕೆ ತರುತ್ತಾನೆ. ಕಣ್ಣು, ಒಳಗಿವಿ, ಸ್ನಾಯು ಹಾಗೂ ಕೀಲುಗಳ ನರಗಳು ಕಳುಹಿಸುವ ವರ್ತಮಾನದಂತೆ ಮಿದುಳು ಈ ತಿದ್ದುಪಡಿಯನ್ನು ಎಡೆಬಿಡದೆ ನಡೆಸುತ್ತಿರುತ್ತದೆ.

ಇದನ್ನು ಅಳೆಯುವುದು ಹೇಗೆ? ನೆಲದ ಮೇಲೆ ಇಂಗ್ಲಿಷಿನ 'ವೈ' ಅಕ್ಷರದಂತೆ ಮೂರು ಕವಲುಗಳನ್ನು ಗುರುತಿಸುತ್ತಾರೆ. ಅವು ಕೂಡುವಲ್ಲಿ ಒಂದು ಕಾಲನ್ನೂರಿ, ಇನ್ನೊಂದನ್ನು ಮುಂದಕ್ಕೆ, ಹಿಂದೆ ಒಳಬದಿಗೆ, ಹಿಂದೆ ಹೊರಬದಿಗೆ ಆದಷ್ಟು ದೂರ ಚಾಚಬೇಕು. ಎತ್ತರದವನಿಗೂ ಗಿಡ್ಡನಿಗೂ ನ್ಯಾಯ ದೊರೆಯುವಂತೆ, ಚಾಚಿದ ದೂರವನ್ನು ಕಾಲಿನ ಉದ್ದದಿಂದ ಭಾಗಿಸುತ್ತಾರೆ. ಕಾಲಿನ ಉದ್ದ 90 ಸೆಂಟಿಮೀಟರ್, ಮೂರು ದೂರಗಳು 63, 99, 90 ಎಂದಿಟ್ಟುಕೊಳ್ಳೋಣ. ಮೊತ್ತ 252; ಅದನ್ನು 90ರ ಮೂರರಷ್ಟಾದ 270ರಿಂದ ಭಾಗಿಸಿದರೆ ಶೇಕಡಾ 93ಕ್ಕೆ ತುಸು ಹೆಚ್ಚು. ಎಡಬಲಗಳ ಅಂತರವೂ ಗಮನಾರ್ಹ. ಶಾಲೆಯ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಇಂತಹುದೇ ವಿಧಾನದಿಂದ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂಚಾಚಿನ ಅಂತರ 4 ಸೆಂಟಿಮೀಟರಿಗೆ ಮೀರಿದವರಿಗೆ ಕಾಲಿನ ಪೆಟ್ಟಿನ ಸಂಭವ ಸುಮಾರು ಎರಡೂವರೆ ಪಟ್ಟು ಇತ್ತು.

ಚಲನೆಯ ಗುಣವನ್ನು ನೋಡುವ ಇನ್ನೊಂದು ಪರೀಕ್ಷೆಯಲ್ಲಿ ಕುಕ್ಕರಗಾಲಿನಲ್ಲಿ ಕೂರುವುದು, ಅಡ್ಡಗಟ್ಟನ್ನು ದಾಟುವುದು ಮುಂತಾದ ಏಳು ಚಲನೆಗಳಿವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ, ನೋವು ಕಂಡರೆ ಸೊನ್ನೆ, ಪೂರ್ಣಾಂಕ 21. ಅಮೆರಿಕದ ನೌಕಾಪದಾತಿ ದಳದ 874 ಮಂದಿ ಅಧಿಕಾರಿ ಅಭ್ಯರ್ಥಿಗಳ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. 14 ಅಥವಾ ಅದಕ್ಕಿಂತ ಕಡಮೆ ಅಂಕ ಪಡೆದವರಿಗೆ ಪೆಟ್ಟುಗಳು ಹೆಚ್ಚಾಗಿ ತಗಲಿದ್ದು ನಿಜ. ಆದರೆ ಪೆಟ್ಟಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 14ನ್ನು ಮೀರಿದವರೇ ಆಗಿದ್ದರು!

ಈ ಕಾರಣದಿಂದ ಅಂಕವನ್ನು ತೀರ್ಪೆಂದು ಭಾವಿಸಬಾರದು. ಒಬ್ಬ ತರುಣನನ್ನು ಅನರ್ಹನೆಂದು ಮನೆಗೆ ಕಳುಹಿಸುವುದಕ್ಕೆ ಅದು ಸಾಲದು. ಅವನ ಯಾವ ಕಾಲು, ಯಾವ ಕೀಲು ಆರೈಕೆಯನ್ನು ಬೇಡುತ್ತಿದೆ ಎಂದು ಹುಡುಕುವುದಕ್ಕೆ ದಾರಿ ತೋರೀತು. ಅಳತೆಯನ್ನು ಕಲಿತ ನಾವು ಅದರ ಮಿತಿಯನ್ನೂ ಕಲಿತಾಗಲೇ ಅದು ವಿಜ್ಞಾನವಾಗುತ್ತದೆ.