ಗುಲ್ಮದೊಳಗಿನ ಗಡ್ಡೆ

‘ಜ್ವರಗಡ್ಡೆ’ ಎಂಬ ಮಾತು ಇಂದಿನ ತರುಣರ ಕಿವಿಗೆ ಬಿದ್ದಿರಲಾರದು. ಚಳಿಜ್ವರ ಮತ್ತೆ ಮತ್ತೆ ಮರುಕಳಿಸಿ, ಎಡಪಕ್ಕೆಯ ಕೆಳಗಿರುವ ಗುಲ್ಮವು ಊದಿ ಕೈಗೆ ಸಿಕ್ಕುವಂತಾದರೆ ಹಿಂದಿನವರು ಅದನ್ನು ಹಾಗೆ ಕರೆಯುತ್ತಿದ್ದರು. ಶಿರಾದ ನೆರೆಯ ಹಿರಿಯೂರಿನಲ್ಲಿ 1930ರ ಸುಮಾರಿಗೆ ಮೈಸೂರು ಸಂಸ್ಥಾನವು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಕೇಂದ್ರವೊಂದನ್ನು ನಡೆಸುತ್ತಿತ್ತು. ಊರಿನಲ್ಲಿ ಮಲೇರಿಯಾದ ಹಾವಳಿ ಎಷ್ಟೆಂದು ತಿಳಿಯಲು ಆಗಿನ ವೈದ್ಯರು ಮಕ್ಕಳ ಹೊಟ್ಟೆಯನ್ನು ಮುಟ್ಟಿ ನೋಡಿ, ಗುಲ್ಮ ಊದಿದವರನ್ನು ಎಣಿಸುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಬಳಿಕ ಆ ಗಡ್ಡೆಯೂ ಅದರ ಹೆಸರೂ ಮರೆಗೆ ಸರಿದವು.

ಈಗ ಗುಲ್ಮದ ಗಡ್ಡೆ ಕಣ್ಣಿಗೆ ಬೀಳುವುದು ಬೇರೊಂದು ಬಗೆಯಲ್ಲಿ. ಮಧುಗಿರಿಯವರಾಗಲಿ, ಕೊರಟಗೆರೆಯವರಾಗಲಿ ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸುತ್ತಾರೆ. ನೋವಿನ ಕಾರಣ ಬೇರೆಯೇ ಆಗಿದ್ದರೂ ವರದಿಯಲ್ಲಿ ‘ಗುಲ್ಮದಲ್ಲಿ ಗಡ್ಡೆ’ ಎಂಬ ಸಾಲೊಂದು ಇರುತ್ತದೆ. ಮನೆಮಂದಿ ಎದೆಗುಂದುತ್ತಾರೆ. ಇದು ಕ್ಯಾನ್ಸರೇ?

ಉತ್ತರಕ್ಕೆ ಮೊದಲು ಗುಲ್ಮವೆಂದರೇನೆಂದು ತಿಳಿಯಬೇಕು. ಅದು ಮುಷ್ಟಿಯಷ್ಟು ದೊಡ್ಡ, ಸುಮಾರು 150 ಗ್ರಾಂ ತೂಗುವ, ರಕ್ತ ತುಂಬಿದ ಮೃದುವಾದ ಅಂಗ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಮುಪ್ಪಾದ ಕಣಗಳನ್ನು ಹೆಕ್ಕಿ ತೆಗೆಯುವುದೂ ರಕ್ತಕ್ಕೆ ನುಗ್ಗಿದ ರೋಗಾಣುಗಳನ್ನು ಹಿಡಿದು ನಾಶಮಾಡುವುದೂ ಗುಲ್ಮದ ಕಾಯಕ. ಒಡಲೆಲ್ಲ ರಕ್ತದ ಕಾಲುವೆಗಳೇ ಆಗಿರುವುದರಿಂದ, ಅಲ್ಲಿ ಹುಟ್ಟುವ ಅಪರೂಪದ ಗಡ್ಡೆಗಳಲ್ಲಿ ಹಲವು ರಕ್ತನಾಳಗಳ ಗಡ್ಡೆಗಳು.

ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಹೀಮಾಂಜಿಯೋಮ. ಇದು ನಿರುಪದ್ರವಿ, ಚಿಕ್ಕದಿದ್ದರೆ ಆಗಾಗ ಪರೀಕ್ಷಿಸುತ್ತಿದ್ದರೆ ಸಾಕು. ಎರಡನೆಯದು ಲಿಟೊರಲ್ ಸೆಲ್ ಆಂಜಿಯೋಮ. ಗುಲ್ಮದ ರಕ್ತದ ಕಾಲುವೆಗಳ ದಡದಲ್ಲಿ ಸಾಲಾಗಿ ನಿಂತ ಜೀವಕೋಶಗಳಿಂದ ಇದು ಹುಟ್ಟುತ್ತದೆ. 1991ರಲ್ಲಷ್ಟೇ ವೈದ್ಯರು ಇದನ್ನು ಬೇರೆ ಗಡ್ಡೆಯೆಂದು ಗುರುತಿಸಿದರು. ಸಾಮಾನ್ಯವಾಗಿ ಇದೂ ಸಾಧುವೇ. ಆದರೆ ಕೆಲವು ರೋಗಿಗಳಲ್ಲಿ ದೇಹದ ಬೇರೆಡೆ ಕ್ಯಾನ್ಸರ್ ಇದ್ದುದು ಕಂಡುಬಂದಿರುವುದರಿಂದ ಪೂರ್ಣ ತಪಾಸಣೆ ಅಗತ್ಯ. ಮೂರನೆಯದು ಆಂಜಿಯೋಸಾರ್ಕೋಮ, ಇದೇ ಘಾತುಕ. ಬೇಗನೆ ಹರಡುತ್ತದೆ, ಗುಲ್ಮವನ್ನು ಒಳಗೇ ಬಿರಿಯುವಂತೆ ಮಾಡಬಲ್ಲದು. ಆದರೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೂ ಬಾರದಷ್ಟು ವಿರಳ.

ಕಷ್ಟವಿರುವುದು ಇವನ್ನು ಬೇರ್ಪಡಿಸಿ ತಿಳಿಯುವುದರಲ್ಲಿ. ಸ್ಕ್ಯಾನಿಂಗಿನಲ್ಲಿ ಒಂದು ಮತ್ತೊಂದರಂತೆ ತೋರಬಹುದು. ಸೂಜಿ ಚುಚ್ಚಿ ಚೂರು ತೆಗೆದು ನೋಡೋಣವೆಂದರೆ ರಕ್ತಸ್ರಾವದ ಭಯ. ಆದುದರಿಂದ ಗಡ್ಡೆ ದೊಡ್ಡದಾಗಿದ್ದರೆ, ಬೆಳೆಯುತ್ತಿದ್ದರೆ ಅಥವಾ ಸಂದೇಹಾಸ್ಪದವಾಗಿದ್ದರೆ ಹಲವು ವೇಳೆ ಇಡೀ ಗುಲ್ಮವನ್ನೇ ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕಾಗುತ್ತದೆ.

ಗುಲ್ಮವಿಲ್ಲದೆ ಬದುಕಬಹುದೇ? ನಿಸ್ಸಂದೇಹವಾಗಿ. ಆದರೆ ಮನೆಯ ಕಾವಲುಗಾರನನ್ನು ಕಳುಹಿಸಿದ ಮೇಲೆ ಬಾಗಿಲನ್ನು ತಾನೇ ನೋಡಿಕೊಳ್ಳಬೇಕಷ್ಟೆ? ಗುಲ್ಮ ತೆಗೆಸಿಕೊಂಡಿದ್ದ ಐದು ಹಸುಗೂಸುಗಳಿಗೆ ಭೀಕರ ಸೋಂಕು ತಗುಲಿದುದನ್ನು ಕಿಂಗ್ ಮತ್ತು ಶುಮಾಕರ್ ಎಂಬ ವೈದ್ಯರು 1952ರಲ್ಲಿ ಪ್ರಕಟಿಸಿದಾಗ ಈ ಅಪಾಯ ಲೋಕಕ್ಕೆ ತಿಳಿಯಿತು. ನ್ಯೂಮೊಕಾಕಸ್ ಮೊದಲಾದ ರೋಗಾಣುಗಳು ಇಂಥವರನ್ನು ಕೆಲವೇ ಗಂಟೆಗಳಲ್ಲಿ ನೆಲಕ್ಕೆ ಕೆಡವಬಲ್ಲವು. ಆದಕಾರಣ ಶಸ್ತ್ರಚಿಕಿತ್ಸೆಗೆ ಎರಡು ವಾರವಾದರೂ ಮೊದಲೇ ಲಸಿಕೆಗಳನ್ನು ಹಾಕಿಸಬೇಕು. ನಾಯಿ ಕಚ್ಚಿದರೆ, ಮಲೇರಿಯಾ ತಗುಲಿದರೆ ಇತರರಿಗಿಂತ ಇವರಿಗೆ ಅಪಾಯ ಹೆಚ್ಚು.

ಪಾವಗಡದಿಂದ ಜಿಲ್ಲಾಕೇಂದ್ರವಾದ ತುಮಕೂರಿಗೆ ಸುಮಾರು 100 ಕಿಲೋಮೀಟರಿನ ದಾರಿ. ಗುಲ್ಮ ಕಳೆದುಕೊಂಡವರಿಗೆ ಅಲ್ಲಿ ರಾತ್ರಿ ಜ್ವರವೇರಿದರೆ, ಕಷಾಯ ಕುಡಿಸಿ ಬೆಳಗಾಗಲೆಂದು ಕಾಯುವಂತಿಲ್ಲ. ವೈದ್ಯರು ಮೊದಲೇ ಬರೆದುಕೊಟ್ಟಿರುವ ಆಂಟಿಬಯೋಟಿಕ್ ಮಾತ್ರೆಯನ್ನು ಒಡನೆಯೇ ಕೊಟ್ಟು ಆಸ್ಪತ್ರೆಗೆ ಹೊರಡಬೇಕು. ‘ಗುಲ್ಮ ತೆಗೆಯಲಾಗಿದೆ’ ಎಂದು ಬರೆದ ಚೀಟಿಯೊಂದು ಸದಾ ಅವರ ಜೇಬಿನಲ್ಲಿರಬೇಕು.

ಅಂದು ಜ್ವರ ಬಂದು ಗಡ್ಡೆಯಾಗುತ್ತಿತ್ತು. ಇಂದು ಗಡ್ಡೆ ಹೋದ ಮೇಲೆ ಜ್ವರಕ್ಕೆ ಅಂಜಬೇಕು. ವರದಿಯ ಸಾಲಿಗೆ ಹೆದರುವುದಕ್ಕಿಂತ ಈ ಎಚ್ಚರವನ್ನು ಮನೆಯವರೆಲ್ಲ ಅರಿತಿರುವುದೇ ಲೇಸು.