ಕಾಂಕ್ರೀಟ್ ಗೋಡೆಯ ಉಗ್ರಾಣಕ್ಕೆ ದೊಡ್ಡ ಬಾಗಿಲು

ಎತ್ತು, ನೇಗಿಲುಗಳ ಕಾಲದಲ್ಲಿ ಕಟ್ಟಿಸಿದ ಅನೇಕ ಉಗ್ರಾಣಗಳ ಬಾಗಿಲು ನಾಲ್ಕು ಅಡಿಗಿಂತ ಅಗಲವಾಗಿರುವುದಿಲ್ಲ. ಚೀಲ ಹೊತ್ತ ಆಳು ಒಳಗೆ ಹೋಗಲು ಅಷ್ಟು ಸಾಕಾಗಿತ್ತು. ಇಂದು ಟ್ರ್ಯಾಕ್ಟರ್, ರೋಟವೇಟರ್ ಮತ್ತು ಒಕ್ಕಣೆ ಯಂತ್ರಗಳು ರೈತರ ಮನೆ ಸೇರಿವೆ. ಅವು ಬಾಗಿಲಲ್ಲಿ ಹಿಡಿಸದೆ ಮಳೆ ಬಿಸಿಲಿನಲ್ಲಿ ತುಕ್ಕು ಹಿಡಿಯುತ್ತಿರುತ್ತವೆ. ಆಗ ಬಾಗಿಲು ಅಗಲ ಮಾಡುವ ಯೋಚನೆ ಬರುವುದು ಸಹಜ. ಮೇಸ್ತ್ರಿಯೂ ಒಂದೇ ದಿನದಲ್ಲಿ ಗೋಡೆ ಒಡೆದು ಕೊಡುವೆನೆಂದು ಒಪ್ಪಿಕೊಳ್ಳುತ್ತಾನೆ. ಆದರೆ ಈ ಕೆಲಸದಲ್ಲಿ ಒಡೆಯುವುದಕ್ಕಿಂತ ಮೊದಲು ಆಸರೆ ಕೊಡುವುದು ಮುಖ್ಯ. ಕ್ರಮ ತಪ್ಪಿದರೆ ಗೋಡೆಯ ಜೊತೆಗೆ ತಾರಸಿಯೂ ಕೆಲಸಗಾರರ ಮೇಲೆ ಕುಸಿಯಬಹುದು.

ಬಾಗಿಲ ಮೇಲೆ ಎಷ್ಟು ಭಾರವಿದೆ?

ಉದಾಹರಣೆಗೆ, 4.5 ಮೀಟರ್ ಅಗಲ ಮತ್ತು 10 ಮೀಟರ್ ಉದ್ದದ ಒಂದು ಉಗ್ರಾಣವನ್ನು ತೆಗೆದುಕೊಳ್ಳೋಣ. ಗೋಡೆ 20 ಸೆಂ.ಮೀ. ದಪ್ಪದ ಗಟ್ಟಿ ಕಾಂಕ್ರೀಟ್ ಇಟ್ಟಿಗೆಯದು (ಸಾಲಿಡ್ ಬ್ಲಾಕ್), ಎತ್ತರ 3.6 ಮೀಟರ್. ತಾರಸಿಯ ದಪ್ಪ 15 ಸೆಂ.ಮೀ. ಉದ್ದ ಗೋಡೆಯಲ್ಲಿ 3 ಮೀಟರ್ ಅಗಲ, 2.7 ಮೀಟರ್ ಎತ್ತರದ ಬಾಗಿಲು ತೆಗೆದರೆ ಅದರ ಮೇಲೆ 90 ಸೆಂ.ಮೀ. ಗೋಡೆ ಉಳಿಯುತ್ತದೆ. ಘನ ಮೀಟರಿಗೆ 2,200 ಕಿಲೋದಂತೆ ಇದರ ತೂಕ ಸುಮಾರು 1,200 ಕಿಲೋ. ತಾರಸಿಯ ಅರ್ಧ ಅಗಲದ ಭಾರವೂ ಅಲ್ಲಿಗೇ ಇಳಿಯುತ್ತದೆ. ಆರ್.ಸಿ.ಸಿ.ಗೆ ಘನ ಮೀಟರಿಗೆ 2,500 ಕಿಲೋದಂತೆ ಅದು ಸುಮಾರು 2,500 ಕಿಲೋ. ಒಟ್ಟು 3,700 ಕಿಲೋ, ಅಂದರೆ 50 ಕಿಲೋದ 74 ಚೀಲಗಳ ಭಾರ. ತಾರಸಿಯ ಮೇಲಿನ ಗಾರೆ, ಒಣಗಲು ಹರಡಿದ ಧಾನ್ಯ, ಓಡಾಡುವ ಜನ ಇವೆಲ್ಲ ಈ ಲೆಕ್ಕಕ್ಕೆ ಸೇರಿಲ್ಲ.

ಈಗಿರುವ ಬಾಗಿಲಿನ ಮೇಲೆ ಈ ಭಾರವನ್ನು ಹೊತ್ತಿರುವುದು ಲಿಂಟಲ್. ಹಳೆಯ ಲಿಂಟಲ್ ಬಾಗಿಲಿನ ಎರಡೂ ಬದಿಯ ಗೋಡೆಯ ಮೇಲೆ ಸಾಮಾನ್ಯವಾಗಿ 15ರಿಂದ 20 ಸೆಂ.ಮೀ. ಮಾತ್ರ ಕುಳಿತಿರುತ್ತದೆ. ಬದಿಯಲ್ಲಿ ಒಂದೇ ಒಂದು ಇಟ್ಟಿಗೆಯಷ್ಟು ಅಗಲಕ್ಕೆ ಗೋಡೆ ಒಡೆದರೂ ಅದರ ತುದಿಗೆ ಆಧಾರ ತಪ್ಪುತ್ತದೆ. ಹೆಚ್ಚಿನ ಅನಾಹುತಕ್ಕೆ ಇದೇ ದಾರಿ. ಲಿಂಟಲ್‌ಗೆ ಸಜ್ಜಾ ಸೇರಿದ್ದರೆ ಅಪಾಯ ಇನ್ನೂ ಹೆಚ್ಚು. ಸಜ್ಜಾ ಹೊರಕ್ಕೆ ಮಗುಚದಂತೆ ಹಿಡಿದಿರುವುದು ಲಿಂಟಲ್ ಮೇಲಿನ ಗೋಡೆಯ ತೂಕವೇ. ಮೇಲಿನ ಗೋಡೆ ಬಿಚ್ಚಿದ ಕೂಡಲೇ ಸಜ್ಜಾ ಮಗುಚಿ ಬೀಳಬಲ್ಲದು.

ಗೋಡೆಯ ಬಗೆಯನ್ನು ಗುರುತಿಸುವುದು

1. ಕಾಂಕ್ರೀಟ್ ಇಟ್ಟಿಗೆಯ ಗೋಡೆ: ಕಂಬಗಳಿಲ್ಲದಿದ್ದರೆ ತಾರಸಿಯ ಪೂರ್ಣ ಭಾರ ಗೋಡೆಯ ಮೇಲೇ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ಬಗೆ ಹೆಚ್ಚು.

2. ಕಂಬ ಮತ್ತು ತೊಲೆಗಳ ಕಟ್ಟಡ: ಇಲ್ಲಿ ಭಾರ ಹೊರುವುದು ಆರ್.ಸಿ.ಸಿ. ಕಂಬ ಮತ್ತು ತೊಲೆ. ನಡುವಿನ ಗೋಡೆ ಮರೆಗೆ ಮಾತ್ರ. ಕೆಲಸ ಸುಲಭ. ಆದರೆ ಕಂಬವನ್ನಾಗಲಿ, ತೊಲೆಯನ್ನಾಗಲಿ ಒಂದು ಅಂಗುಲವೂ ಕೆತ್ತಬಾರದು.

3. ಎರಕದ ಆರ್.ಸಿ.ಸಿ. ಗೋಡೆ: ಇದರೊಳಗೆ ಕಬ್ಬಿಣದ ಸರಳುಗಳು ಅಡ್ಡಲಾಗಿಯೂ ಉದ್ದವಾಗಿಯೂ ಹರಿದಿರುತ್ತವೆ. ಸರಳು ಕತ್ತರಿಸಿದರೆ ಗೋಡೆಯ ಶಕ್ತಿಯೇ ತಗ್ಗುತ್ತದೆ. ಎಂಜಿನಿಯರರ ಲಿಖಿತ ನಕ್ಷೆಯಿಲ್ಲದೆ ಇಂತಹ ಗೋಡೆಗೆ ಕೈ ಹಚ್ಚಬಾರದು. ನೀರಿನ ತೊಟ್ಟಿಯ ಅಥವಾ ಮಣ್ಣು ತಡೆದು ನಿಂತ ಗೋಡೆಯಾದರೆ ಬಾಗಿಲಿನ ಯೋಚನೆಯನ್ನೇ ಬಿಡಬೇಕು.

ಸ್ಥಳ ಮತ್ತು ಅಳತೆ

ಕೋಣೆಯ ಉದ್ದವು ಅಗಲದ ಎರಡರಷ್ಟಕ್ಕಿಂತ ಹೆಚ್ಚಿದ್ದು, ತಾರಸಿ ನಾಲ್ಕೂ ಗೋಡೆಗಳ ಮೇಲೆ ಕುಳಿತಿದ್ದರೆ ಅದರ ಭಾರದ ಬಹುಪಾಲು ಎರಡು ಉದ್ದ ಗೋಡೆಗಳಿಗೆ ಹೋಗುತ್ತದೆ. ಆದ್ದರಿಂದ ಅಗಲದ ಕಡೆಯ ಗಿಡ್ಡ ಗೋಡೆಯಲ್ಲಿ ಬಾಗಿಲು ತೆಗೆಯುವುದು ಲೇಸು. ಮೇಲಿನ ಉದಾಹರಣೆಯಲ್ಲಿ ಗಿಡ್ಡ ಗೋಡೆಯನ್ನು ಆರಿಸಿದರೆ ಹೊಸ ಲಿಂಟಲ್ ಮುಖ್ಯವಾಗಿ ತನ್ನ ಮೇಲಿನ ಗೋಡೆಯನ್ನು ಮಾತ್ರ ಹೊರಬೇಕಾಗುತ್ತದೆ. ತಗಡಿನ ಮಾಡಿದ್ದಲ್ಲಿ ಟ್ರಸ್ ಅಥವಾ ತೊಲೆ ಕುಳಿತಿರುವ ಜಾಗದ ಕೆಳಗೆ ಬಾಗಿಲು ಬರಬಾರದು. ಬಾಗಿಲಿನ ಎರಡೂ ಬದಿಯಲ್ಲಿ, ಮೂಲೆಯವರೆಗೆ ಕನಿಷ್ಠ 60 ಸೆಂ.ಮೀ. ಗೋಡೆ ಉಳಿಯಬೇಕು. ಮೊದಲೇ ಬಿರುಕು ಬಿಟ್ಟ ಅಥವಾ ತಳ ಕುಸಿದ ಗೋಡೆ ಈ ಕೆಲಸಕ್ಕೆ ತಕ್ಕುದಲ್ಲ.

ಸಾಮಾನ್ಯ ಟ್ರ್ಯಾಕ್ಟರಿನ ಅಗಲ 1.7ರಿಂದ 1.9 ಮೀಟರ್. ಎರಡೂ ಕಡೆ ಅರ್ಧ ಮೀಟರ್ ಬಿಟ್ಟರೆ 3 ಮೀಟರ್ (ಸುಮಾರು 10 ಅಡಿ) ಅಗಲ ಸಾಕು. ಎತ್ತರವನ್ನು ಹೊಗೆ ಕೊಳವೆ ಮತ್ತು ಚಾವಣಿ ಸೇರಿಸಿ ಅಳೆಯಬೇಕು. ಬೇಕಾದುದಕ್ಕಿಂತ ಅಗಲದ ಬಾಗಿಲು ತೆಗೆಯುವುದು ಭಾರವನ್ನು ಕರೆದು ತಲೆಯ ಮೇಲೆ ಹೊತ್ತಂತೆ.

ಕೆಲಸದ ಕ್ರಮ

1. ಸ್ಥಳವನ್ನು ಸಿವಿಲ್ ಎಂಜಿನಿಯರರಿಗೆ ತೋರಿಸಿ, ಲಿಂಟಲ್‌ನ ದಪ್ಪ, ಕಬ್ಬಿಣ ಮತ್ತು ಆಸರೆಯ ವಿವರಗಳನ್ನು ಬರೆಸಿಕೊಳ್ಳಬೇಕು. ಮೂರು ಮೀಟರ್ ಅಗಲದ ಬಾಗಿಲಿಗೆ ನಾಲ್ಕು ಅಡಿ ಬಾಗಿಲಿನ ಲಿಂಟಲ್‌ನ ಅಳತೆ ನಡೆಯದು.

2. ಉಗ್ರಾಣವನ್ನು ಬರಿದು ಮಾಡಿ, ತಾರಸಿಯ ಮೇಲಿನ ಸಾಮಾನು ಇಳಿಸಬೇಕು. ಗೋಡೆಯಲ್ಲಿ ಹಾದುಹೋಗುವ ವಿದ್ಯುತ್ ತಂತಿಯ ಸಂಪರ್ಕ ತಪ್ಪಿಸಬೇಕು.

3. ಒಳಗೆ, ಗೋಡೆಯಿಂದ ಒಂದು ಮೀಟರ್ ಒಳಗಿನ ಅಂತರದಲ್ಲಿ, ತಾರಸಿಯ ಕೆಳಗೆ ಗೋಡೆಗೆ ಸಮನಾಗಿ ಅಡ್ಡತೊಲೆ ಕೊಟ್ಟು ಕಬ್ಬಿಣದ ಜಾಕಿಗಳನ್ನಾಗಲಿ ಗಟ್ಟಿ ಸರ್ವೆ ಕಂಬಗಳನ್ನಾಗಲಿ ನಿಲ್ಲಿಸಬೇಕು. ಕಂಬದ ಬುಡಕ್ಕೆ ದಪ್ಪ ಹಲಗೆ ಇರಲಿ. ಜಾಕಿಯನ್ನು ಬಿಗಿಯಾಗಿ ತಾಗಿಸಿದರೆ ಸಾಕು. ತಾರಸಿ ಎತ್ತುವಷ್ಟು ತಿರುಗಿಸಿದರೆ ಅದೇ ಬಿರುಕು ಬಿಡುತ್ತದೆ. ಸಜ್ಜಾ ಇದ್ದಲ್ಲಿ ಹೊರಗಿನಿಂದಲೂ ಆಸರೆ ಕೊಡಬೇಕು.

4. ಹೊಸ ಲಿಂಟಲ್‌ಗೆ ಎರಡೂ ಕಡೆ ಕನಿಷ್ಠ 30 ಸೆಂ.ಮೀ. ಕೂರುವ ಜಾಗ ಬೇಕು. ಅಲ್ಲಿ ಮೊದಲು ಕಾಂಕ್ರೀಟ್ ಹಾಸು ಹಾಕಿ ಗಟ್ಟಿಯಾಗಲು ಬಿಡಬೇಕು. ಟೊಳ್ಳು ಇಟ್ಟಿಗೆಯ ಗೋಡೆಯಾದರೆ ಆ ಭಾಗದ ಟೊಳ್ಳುಗಳಿಗೆ ಕಾಂಕ್ರೀಟ್ ತುಂಬಬೇಕು.

5. ಹೊಸ ಲಿಂಟಲ್ ಹಳೆಯದಕ್ಕಿಂತ ಮೇಲೆ ಬರುತ್ತದೆ. ದಪ್ಪನಾದ ಗಟ್ಟಿ ಗೋಡೆಯಲ್ಲಿ ಉಕ್ಕಿನ ಚಾನೆಲ್‌ಗಳನ್ನು ಬಳಸುವುದು ಅನುಕೂಲ. ಮೊದಲು ಒಂದು ಮುಖದಿಂದ ಅರ್ಧ ದಪ್ಪದಷ್ಟು ಮಾತ್ರ ಗಾಡಿ ಕೊರೆದು ಒಂದು ಚಾನೆಲ್ ಕೂರಿಸಿ, ಮೇಲಿನ ಸಂದಿಗೆ ಗಟ್ಟಿ ಸಿಮೆಂಟ್ ಗಾರೆಯನ್ನು ಒತ್ತಿ ತುಂಬಬೇಕು. ಅದು ಗಟ್ಟಿಯಾದ ಮೇಲೆ ಇನ್ನೊಂದು ಮುಖದಲ್ಲಿಯೂ ಹಾಗೆಯೇ ಮಾಡಿ, ಎರಡನ್ನೂ ಬೋಲ್ಟುಗಳಿಂದ ಜೋಡಿಸಬೇಕು.

6. ತೆಳು ಗೋಡೆಯಾಗಿದ್ದರೆ ಅಥವಾ ಆರ್.ಸಿ.ಸಿ. ಲಿಂಟಲ್ ಎರಕ ಹೊಯ್ಯುವುದಾದರೆ, ಹೊಸ ಲಿಂಟಲ್‌ನ ಮಟ್ಟಕ್ಕಿಂತ ಮೇಲೆ ಗೋಡೆಯಲ್ಲಿ ಮೀಟರಿಗೊಂದರಂತೆ ತೂತು ಮಾಡಿ ಉಕ್ಕಿನ ತೊಲೆಗಳನ್ನು ಆರಪಾರ ತೂರಿಸಬೇಕು. ಅವುಗಳ ಎರಡೂ ತುದಿಗಳನ್ನು ಜಾಕಿಗಳ ಮೇಲೆ ನಿಲ್ಲಿಸಿದ ಮೇಲೆಯೇ ಲಿಂಟಲ್‌ನ ಜಾಗದ ಗೋಡೆಯನ್ನು ಬಿಚ್ಚಬೇಕು.

7. ಎರಕಕ್ಕೆ ಕನಿಷ್ಠ 10 ದಿನ ನೀರುಣಿಸಬೇಕು. ಆಸರೆಗಳನ್ನು 14 ದಿನಗಳಿಗೆ ಮೊದಲು ತೆಗೆಯಬಾರದು. 21 ದಿನ ಬಿಟ್ಟರೆ ಇನ್ನೂ ಕ್ಷೇಮ.

8. ಆ ಬಳಿಕವೇ ಕೆಳಗಿನ ಗೋಡೆಯನ್ನೂ ಹಳೆಯ ಲಿಂಟಲನ್ನೂ ಮೇಲಿನಿಂದ ಕೆಳಕ್ಕೆ, ಒಂದೊಂದೇ ಇಟ್ಟಿಗೆಯಂತೆ ಬಿಚ್ಚಬೇಕು. ಹಳೆಯ ಲಿಂಟಲ್‌ಗೆ ಕೆಳಗಿನಿಂದ ಆಸರೆ ಕೊಟ್ಟು, ತುಂಡು ಮಾಡಿ ಇಳಿಸಬೇಕು. ಸಮ್ಮಟಿಗೆಯ ಹೊಡೆತಕ್ಕೆ ಉಳಿಯುವ ಗೋಡೆಯೂ ಸಡಿಲವಾಗುವುದರಿಂದ, ಅಂಚನ್ನು ಯಂತ್ರದ ಗರಗಸದಿಂದ ಎರಡೂ ಮುಖಗಳಲ್ಲಿ ಕೊಯ್ದುಕೊಳ್ಳುವುದು ಒಳ್ಳೆಯದು. ನೆಲಮಟ್ಟದ ತೊಲೆಯನ್ನು ಕತ್ತರಿಸಬಾರದು.

ಎರಕದ ಗೋಡೆಯಲ್ಲಿ ಒಂದು ಚದರ ಮೀಟರಿನ, 15 ಸೆಂ.ಮೀ. ದಪ್ಪದ ತುಂಡು ಸುಮಾರು 375 ಕಿಲೋ ತೂಗುತ್ತದೆ. 30 ಸೆಂ.ಮೀ. ಚೌಕದ ತುಂಡಾದರೆ ಸುಮಾರು 34 ಕಿಲೋ. ಇಬ್ಬರು ಹಿಡಿದು ಇಳಿಸಬಹುದು. ತುಂಡು ಚಿಕ್ಕದಾದಷ್ಟೂ ಅಪಾಯ ಕಡಿಮೆ.

ಕೆಲಸಗಾರರ ಕ್ಷೇಮ

ಕಾಂಕ್ರೀಟ್ ಕೊಯ್ಯುವಾಗ ಏಳುವ ನಯವಾದ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಇದನ್ನು ಬಹುಕಾಲ ಉಸಿರಾಡಿದವರಿಗೆ ವಾಸಿಯಾಗದ ಶ್ವಾಸಕೋಶದ ರೋಗ ಬರುತ್ತದೆ. ನೀರು ಹಾಯಿಸುತ್ತಾ ಕೊಯ್ಯುವುದರಿಂದ ಧೂಳು ತಗ್ಗುತ್ತದೆ. ಆದರೂ ಸರಿಯಾದ ಮುಖಗವಸು, ಕನ್ನಡಕ ಮತ್ತು ಶಿರಸ್ತ್ರಾಣ ಬೇಕೇ ಬೇಕು. ಈ ಕೆಲಸಕ್ಕೆ ನೀರು ಹಾಯಿಸಲು ತಕ್ಕುದಾದ ಗರಗಸವನ್ನೇ ಬಳಸಬೇಕು, ವಿದ್ಯುತ್ತಿಗೆ 30 ಮಿಲಿ ಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚನ್ನು ಅಳವಡಿಸಬೇಕು. ಮಕ್ಕಳು ಮತ್ತು ದನಕರುಗಳು ಹತ್ತಿರ ಸುಳಿಯಬಾರದು. ಕೆಲಸದ ನಡುವೆ ಹೊಸ ಬಿರುಕು ಕಂಡರೆ, ಮೇಲಿನಿಂದ ಗಾರೆಯ ಪುಡಿ ಉದುರಿದರೆ ಅಥವಾ ಜಾಕಿ ಬಾಗಿದರೆ ಎಲ್ಲರೂ ಕೂಡಲೇ ಹೊರಗೆ ಬರಬೇಕು. ಸಲಕರಣೆ ತರಲೆಂದು ಯಾರೂ ಹಿಂದಕ್ಕೆ ಹೋಗಬಾರದು.

ಧಾನ್ಯದ ಮಾತು

ಇಲಿಗಳ ಕಾಟ ತಪ್ಪಿಸಲು ಉಗ್ರಾಣದ ನೆಲವನ್ನು ಎತ್ತರಿಸಿ ಕಟ್ಟಿರುತ್ತಾರೆ. ಟ್ರ್ಯಾಕ್ಟರಿಗಾಗಿ ಇಳಿಜಾರು ಕಟ್ಟಿದರೆ ಇಲಿಗಳಿಗೂ ಅದೇ ದಾರಿಯಾಗುತ್ತದೆ. ಡೀಸೆಲ್ ವಾಸನೆಯೂ ಧಾನ್ಯಕ್ಕೆ ಹತ್ತುತ್ತದೆ. ಆದುದರಿಂದ ಯಂತ್ರ ನಿಲ್ಲಿಸುವ ಭಾಗಕ್ಕೂ ಧಾನ್ಯದ ಭಾಗಕ್ಕೂ ನಡುವೆ ಗೋಡೆಯಿರಬೇಕು. ಬಾಗಿಲಿನ ಕೆಳಗೆ ಸಂದಿಯಿರದಂತೆ ತಗಡು ಹೊಡೆಸಬೇಕು. ಇಷ್ಟಕ್ಕೆ ಸ್ಥಳವಿಲ್ಲದಿದ್ದರೆ, ಅಥವಾ ಗೋಡೆ ಹಳೆಯದಾಗಿ ದುರ್ಬಲವಾಗಿದ್ದರೆ, ಉಗ್ರಾಣವನ್ನು ಮುಟ್ಟದೆ ಅದರ ಪಕ್ಕದಲ್ಲಿ ತನ್ನದೇ ಕಂಬಗಳ ಮೇಲೆ ನಿಲ್ಲುವ ತಗಡಿನ ಚಪ್ಪರ ಹಾಕಿಕೊಳ್ಳುವುದೇ ಜಾಣತನ.

ಗೋಡೆ ಒಡೆಯಲು ಅರ್ಧ ದಿನ ಸಾಕು. ಅದರ ಭಾರವನ್ನು ಹೊಸ ಹೆಗಲಿಗೆ ದಾಟಿಸಲು ಮೂರು ವಾರ ಬೇಕು. ಸುಗ್ಗಿ ಮುಗಿದು ಉಗ್ರಾಣ ಬರಿದಾಗಿರುವ ಬೇಸಿಗೆಯಲ್ಲಿ ಈ ಕೆಲಸವನ್ನು ಕೈಗೊಂಡರೆ ಅವಸರಕ್ಕೆ ಕಾರಣವಿರುವುದಿಲ್ಲ. ಮುಂಗಾರು ಬರುವ ವೇಳೆಗೆ ಯಂತ್ರಗಳಿಗೆ ನೆರಳು ಸಿಗುತ್ತದೆ, ಕೆಲಸ ಮಾಡಿದವರೂ ಕ್ಷೇಮವಾಗಿ ಮನೆ ಸೇರಿರುತ್ತಾರೆ.