ಏರುವ ಬಗೆ, ಏರಿಸುವ ಬಗೆ

ಒಬ್ಬರು ತಮ್ಮ ವೃತ್ತಿಯಲ್ಲಿ ಬೆಳೆದರೆಂದು ನಾವು ಹೇಳುವುದು ಯಾವಾಗ? ಸಾಮಾನ್ಯವಾಗಿ ಹುದ್ದೆ ಏರಿದಾಗ, ಸಂಬಳ ಹೆಚ್ಚಿದಾಗ, ಹೆಸರಿನೊಡನೆ ಇನ್ನೊಂದು ಪದವಿ ಸೇರಿದಾಗ. ಇದು ನಿಜವೇ, ಆದರೆ ಅರ್ಧ ನಿಜ. ಬಡ್ತಿಯನ್ನು ಮೇಲಿನವರು ಕೊಡಬಲ್ಲರು. ನಾಯಕತ್ವವಾದರೋ ಜೊತೆಯ ಕಿರಿಯರು ಎಷ್ಟು ಬೆಳೆದರೆಂಬುದರಿಂದ ತಿಳಿಯತಕ್ಕದ್ದು.

ಮೈಸೂರಿನ ಮಹಾರಾಜಾ ಕಾಲೇಜಿನ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಅಧ್ಯಾಪಕರು. ಅವರ ಉನ್ನತಿಗೆ ಇಂಗ್ಲಿಷೊಂದೇ ಸಾಕಾಗಿತ್ತು. ಆದರೂ 1911ರಲ್ಲಿ, 27ರ ಹರೆಯದಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ಯನ್ನು ಕುರಿತು ಮಾತನಾಡಿದರು. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಅದನ್ನು ಮಾಡಿ ತೋರಿಸಿದರು. ತಮ್ಮ ವಿಷಯದಲ್ಲಿ ಗಳಿಸಿದ ಪಾಂಡಿತ್ಯವನ್ನೇ ಹೊತ್ತು ಅವರು ಕನ್ನಡಕ್ಕೆ ಬಂದರೆಂಬುದನ್ನು ಗಮನಿಸಬೇಕು. ಕಲಿತದ್ದನ್ನು ಅದರ ಅಗತ್ಯವಿರುವೆಡೆಗೆ ಒಯ್ಯುವುದು ವೃತ್ತಿಯ ಬೆಳವಣಿಗೆಯ ಮೊದಲ ಮೆಟ್ಟಿಲು. ನಿವೃತ್ತಿಯ ಅನಂತರವೂ ಅವರು ಧಾರವಾಡಕ್ಕೆ ಹೋಗಿ ಹೊಸ ಕಾಲೇಜೊಂದರ ಪ್ರಿನ್ಸಿಪಾಲರಾದರು. 1946ರಲ್ಲಿ ಅಲ್ಲಿಯೇ ತೀರಿಕೊಂಡರು.

ಎರಡನೆಯ ಮೆಟ್ಟಿಲು ಇನ್ನೂ ಕಡಿದಾದುದು. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಅಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾದವರು ಟಿ. ಎಸ್. ವೆಂಕಣ್ಣಯ್ಯನವರು. ಅವರ ವಿದ್ವತ್ತಿಗೆ ಹೋಲಿಸಿದರೆ ಅವರು ಬರೆದುದು ಸ್ವಲ್ಪ. 1939ರಲ್ಲಿ ತೀರಿಕೊಂಡಾಗ ಅವರಿಗೆ 55 ತುಂಬಿರಲಿಲ್ಲ. ಪ್ರಕಟಣೆಗಳನ್ನು ಎಣಿಸಿ ಅಂಕ ಕೊಡುವ ಇಂದಿನ ಪದ್ಧತಿ ಅವರನ್ನು ಯಾವ ಸಾಲಿನಲ್ಲಿ ಕೂರಿಸುತ್ತಿತ್ತೋ! ಆದರೆ ಅವರ ಶಿಷ್ಯರಲ್ಲಿ ಕುವೆಂಪು ಇದ್ದರು. 1929ರಲ್ಲಿ ಎಂ.ಎ. ಮುಗಿಸಿ ಅವರು ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ಗುರುಗಳು ಕಣ್ಮರೆಯಾಗಿ 10 ವರ್ಷಗಳ ಮೇಲೆ, 1949ರಲ್ಲಿ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ವೆಂಕಣ್ಣಯ್ಯನವರಿಗೇ ಅರ್ಪಿಸಿದರು. 1956ರಲ್ಲಿ ಆ ಶಿಷ್ಯರೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ವೆಂಕಣ್ಣಯ್ಯನವರ ದುಡಿಮೆಯ ಲೆಕ್ಕವನ್ನು ಇಂಥಲ್ಲಿ ಹುಡುಕಬೇಕು.

ಇದರ ವಿಲೋಮವೂ ಉಂಟು. ನಾನು ಹತ್ತಿರದಿಂದ ಕಂಡ ವಿಭಾಗವೊಂದರ ಮುಖ್ಯಸ್ಥರು ವಿದ್ವಾಂಸರು, ಶ್ರಮಜೀವಿಗಳು. ಪಠ್ಯಕ್ರಮ, ಪತ್ರವ್ಯವಹಾರ, ಸಭೆಯ ನಡಾವಳಿ ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಕಿರಿಯರಿಗೆ ಹೊರೆಯಾಗದಿರಲೆಂಬುದೇ ಅವರ ಸದುದ್ದೇಶ. ಅವರು ನಿವೃತ್ತರಾದ ಮರುವರ್ಷ ಪಠ್ಯಕ್ರಮದ ಕರಡು ಬರೆಯಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಅಷ್ಟು ವರ್ಷಗಳ ಅನುಭವವೂ ಅವರೊಡನೆಯೇ ನಿವೃತ್ತವಾಗಿತ್ತು.

ಹಾಗಾದರೆ ಕಿರಿಯರನ್ನು ಬೆಳೆಸುವ ಬಗೆ ಯಾವುದು? ಅವರ ಶಕ್ತಿಗೆ ತುಸು ಮಿಗಿಲಾದ ಕೆಲಸವನ್ನು ಒಪ್ಪಿಸಬೇಕು. ಅದು ಕೆಡದಂತೆ ದೂರದಿಂದ ನೋಡಿಕೊಳ್ಳಬೇಕು. ತೀರ್ಮಾನವನ್ನು ತಿಳಿಸಿದರೆ ಸಾಲದು, ಅದನ್ನು ತಲಪಿದ ದಾರಿಯನ್ನೂ ತಿಳಿಸಬೇಕು. ಅವರು ಬರೆದುದನ್ನು ಓದಿ, ತಿದ್ದಿ, ಅವರ ಹೆಸರಿನಲ್ಲಿಯೇ ಹೊರಬರಲು ಬಿಡಬೇಕು. ಈ ಮೂರರಲ್ಲಿ ಕೊನೆಯದೇ ಹೆಚ್ಚು ಕಷ್ಟದ್ದು; ಅಲ್ಲಿ ನಮ್ಮ ಅಹಂಕಾರಕ್ಕೆ ಏನೂ ದಕ್ಕುವುದಿಲ್ಲ.

‘ನಾನಿಲ್ಲದಿದ್ದರೆ ಇಲ್ಲಿ ಏನೂ ನಡೆಯದು’ ಎಂಬ ಮಾತನ್ನು ಕಚೇರಿಗಳಲ್ಲಿ, ಶಾಲೆಗಳಲ್ಲಿ ಹೆಮ್ಮೆಯಿಂದ ಆಡುವವರಿದ್ದಾರೆ. ಅದು ತಮ್ಮ ಕೆಲಸದ ಮೇಲೆ ತಾವೇ ಹೊರಿಸಿಕೊಂಡ ಆರೋಪವೆಂಬುದು ಅವರಿಗೆ ಹೊಳೆದಿರಲಾರದು.